ರೊಟ್ಟಿ ಬಡಿಯುವ ಅಜ್ಜಿ: ಪಾಲಿಮರ್ ಕ್ಲೇಯಲ್ಲಿ ಕಲಾಗೊಂಬೆ ಮಾಡುವ ಬಗೆ

ಗೊಂಬೆ ಮಾಡಲು ಕೂತವರ ಕೈ ಮೊದಲು ಹೋಗುವುದು ಮುಖಕ್ಕೆ. ಕಣ್ಣು, ಮೂಗು, ತುಟಿ ಎಲ್ಲ ಮುಗಿದ ಮೇಲೆ ಮೈ ನೆನಪಾಗುತ್ತದೆ. ಅಷ್ಟರಲ್ಲಿ ತಲೆ ಮೈಗಿಂತ ದೊಡ್ಡದಾಗಿರುತ್ತದೆ, ಕುತ್ತಿಗೆ ವಾಲುತ್ತದೆ, ಓವನ್‌ನಿಂದ ತೆಗೆದಾಗ ಹಣೆ ಬಿರಿದಿರುತ್ತದೆ. ಹೊರಗೆ ಕಾಣುವ ಇಂಥ ದೋಷಗಳ ಬೇರು ಬಹುಪಾಲು ಒಳಗಿರುತ್ತದೆ: ತಂತಿಯಲ್ಲಿ, ಫಾಯಿಲ್ ತಿರುಳಿನಲ್ಲಿ, ಕ್ಲೇ ಪದರದ ದಪ್ಪದಲ್ಲಿ. ಹಾಗಾಗಿ ಅಳತೆ ಮತ್ತು ಒಳಕಟ್ಟಿಗೆ ಸಮಯ ಕೊಡಿ. ಮುಖಕ್ಕೆ ಎಷ್ಟು ಹೊತ್ತು ಕೊಡುತ್ತೀರೋ ಕೈಗಳಿಗೂ ಅಷ್ಟೇ ಕೊಡಿ.

ಇಲ್ಲಿ ಮಾಡುತ್ತಿರುವುದು ಉತ್ತರ ಕರ್ನಾಟಕದ ಒಬ್ಬ ಅಜ್ಜಿಯನ್ನು. ಇಳಕಲ್ ಸೀರೆ, ಖಣದ ಕುಪ್ಪಸ, ಮುಂದೆ ಪರಾತ ಎಂಬ ಅಗಲ ತಟ್ಟೆ, ಕೈಕೆಳಗೆ ಜೋಳದ ರೊಟ್ಟಿ. ನವರಾತ್ರಿಯ ಗೊಂಬೆ ಹಬ್ಬದ ಮೆಟ್ಟಿಲ ಮೇಲೆ ಕೂರುವ ಅಳತೆ. ತಲೆ, ಕುತ್ತಿಗೆ ಮತ್ತು ಭುಜದ ಪಟ್ಟಿ, ಕೈ, ಪಾದ ಮಾತ್ರ ಪಾಲಿಮರ್ ಕ್ಲೇ. ಉಳಿದ ಮೈ ತಂತಿ, ಹತ್ತಿ, ಬಟ್ಟೆ.

ಅಳತೆಯ ಚೀಟಿ ಮೊದಲು

ಗೊಂಬೆ ಎದ್ದು ನಿಂತರೆ 30 ಸೆಂ.ಮೀ. ಎಂದು ಲೆಕ್ಕ ಹಿಡಿಯಿರಿ. ಸುಮಾರು 160 ಸೆಂ.ಮೀ. ಎತ್ತರದ ಹೆಂಗಸಿಗೆ ಹೋಲಿಸಿದರೆ ಇದು 5.3ರಲ್ಲಿ ಒಂದು ಪಾಲು. ವಯಸ್ಕರ ಎತ್ತರ ಅವರ ತಲೆಯ ಏಳರಷ್ಟು ಇರುವುದರಿಂದ ಗದ್ದದಿಂದ ನೆತ್ತಿಗೆ 4.3 ಸೆಂ.ಮೀ. ಉಳಿದದ್ದು ಹೀಗೆ: ತೊಡೆ 7.3, ಮೊಣಕಾಲಿನಿಂದ ಹಿಮ್ಮಡಿಗೆ 7.4, ಸೊಂಟದಿಂದ ಭುಜಕ್ಕೆ 8.6, ತೋಳು 5.6, ಮುಂಗೈ 4.4, ಹಸ್ತ 3.2, ಪಾದ 4.5 ಸೆಂ.ಮೀ. ಭುಜದ ಅಗಲ 7. ನೆಟ್ಟಗೆ ಕೂತರೆ ಗೊಂಬೆ ನೆಲದಿಂದ 16 ಸೆಂ.ಮೀ. ಬರುತ್ತದೆ, ಬೆನ್ನು ಬಾಗಿಸಿದರೆ 14ರ ಆಸುಪಾಸು.

ಇದನ್ನು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಕಡ್ಡಿಚಿತ್ರವಾಗಿ ಬರೆಯಿರಿ, ಮುಂದಿನಿಂದ ಒಂದು, ಪಕ್ಕದಿಂದ ಒಂದು. ರೊಟ್ಟಿ ಬಡಿಯುವವರ ಭಾರ ಸೊಂಟದಿಂದ ಮುಂದಕ್ಕೆ ಬರುತ್ತದೆ. ಬೆನ್ನಿನ ಮೇಲ್ಭಾಗ ದುಂಡಗಾಗುತ್ತದೆ, ಕುತ್ತಿಗೆ ಅದಕ್ಕಿಂತಲೂ ಮುಂದೆ ಚಾಚುತ್ತದೆ. ಒಂದು ಕಾಲು ಮಡಚಿ ನೆಲಕ್ಕೊರಗಿದೆ, ಇನ್ನೊಂದರ ಮೊಣಕಾಲು ಮೇಲೆದ್ದಿದೆ. ಈ ವಾಲು ಚಿತ್ರದಲ್ಲೇ ಸರಿಹೋಗಬೇಕು. ನೆಟ್ಟಗೆ ಕಟ್ಟಿದ ಮೈಯನ್ನು ಆಮೇಲೆ ಬಗ್ಗಿಸಿದರೆ ಸೊಂಟದಲ್ಲಿ ಮಾತ್ರ ಮುರಿದಂತೆ ಮಡಚಿಕೊಳ್ಳುತ್ತದೆ.

ಏನೇನು ಬೇಕು

ಪಾಲಿಮರ್ ಕ್ಲೇ ಸುಮಾರು 170 ಗ್ರಾಂ, ಅಂದರೆ 57 ಗ್ರಾಮಿನ ಮೂರು ಪೊಟ್ಟಣ. ತಲೆಗೆ 35 ಗ್ರಾಂ, ಕುತ್ತಿಗೆ ಮತ್ತು ಭುಜದ ಪಟ್ಟಿಗೆ 35, ಎರಡು ಕೈಗೆ 30, ಪಾದಗಳಿಗೆ 25 ಸಾಕು. ಉಳಿದದ್ದು ಬಣ್ಣ ಪರೀಕ್ಷೆಗೆ, ತಪ್ಪು ತಿದ್ದುವುದಕ್ಕೆ, ರೊಟ್ಟಿಗೆ. ಹೆಸರಿನಲ್ಲಿ ಕ್ಲೇ ಇದ್ದರೂ ಇದು ಮಣ್ಣಲ್ಲ. ಪಿವಿಸಿ ಪುಡಿಗೆ ಮೆದುಕಾರಕ ಸೇರಿಸಿದ ಮುದ್ದೆ. ಗಾಳಿಗೆ ಒಣಗುವುದಿಲ್ಲ, ಬಿಸಿಗೆ ಮಾತ್ರ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಪಾರ್ಸೆಲ್ ತರಿಸಿದರೆ ಬಿಸಿಲಿಗೆ ಕಾದ ಗಾಡಿಯಲ್ಲೇ ಅರ್ಧ ಬೆಂದು ಪುಡಿಪುಡಿಯಾಗಿ ಬರಬಹುದು. ಮೇ ತಿಂಗಳಲ್ಲಿ ತರಿಸದಿರುವುದೇ ಒಳ್ಳೆಯದು.

ಮೈಗೆ 14 ಗೇಜಿನ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಒಂದೂವರೆ ಮೀಟರ್, ಸುತ್ತಿ ಬಿಗಿಯಲು ಕಟ್ಟಡದವರು ಬಳಸುವ ಬೈಂಡಿಂಗ್ ವೈರ್. ಎರಡೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಬೆರಳುಗಳಿಗೆ 28 ಗೇಜಿನ ತಾಮ್ರದ ತಂತಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತುಂಡು ಕೇಳಿದರೆ ಕೊಡುತ್ತಾರೆ, ಅದರ ಮೇಲಿನ ವಾರ್ನಿಷ್ ಓವನ್ ಬಿಸಿಗೆ ಏನೂ ಆಗುವುದಿಲ್ಲ. ಅಲ್ಯುಮಿನಿಯಂ ಫಾಯಿಲ್, ಲಿಕ್ವಿಡ್ ಪಾಲಿಮರ್ ಕ್ಲೇ, ಫೆವಿಕಾಲ್, ಎಂ-ಸೀಲ್, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ, ನೀರಿನ ಮರಳುಕಾಗದ 400ರಿಂದ 1000ದವರೆಗೆ, ಅಕ್ರಿಲಿಕ್ ಬಣ್ಣ, ಒಣ ಚಾಕ್ ಪೇಸ್ಟಲ್, ಐಸೊಪ್ರೊಪೈಲ್ ಆಲ್ಕೋಹಾಲ್. ಹತಾರಗಳೆಂದರೆ ದಪ್ಪ ಸೂಜಿ, ಟೂತ್‌ಪಿಕ್, ಗುಂಡುತಲೆಯ ಪಿನ್ನು, ಸಣ್ಣ ಬ್ಲೇಡು, ಮೆತ್ತನೆ ಬ್ರಷ್. ಕ್ಲೇಗೆ ಬಳಸಿದ ತಟ್ಟೆ, ಲಟ್ಟಣಿಗೆ, ಚಾಕು ಮತ್ತೆ ಅಡುಗೆಮನೆಗೆ ಹೋಗಬಾರದು.

ಓಟಿಜಿ, ಅಂದರೆ ಸರಳು ಕಾದು ಬಿಸಿಯಾಗುವ ವಿದ್ಯುತ್ ಓವನ್ ಬೇಕು, ಮೈಕ್ರೋವೇವ್ ಆಗದು. ಓವನ್ ಒಳಗಿಡುವ ಥರ್ಮಾಮೀಟರನ್ನು ತಪ್ಪದೆ ಕೊಳ್ಳಿ, ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ. ಓವನ್ ಇಲ್ಲದವರು ಗಾಳಿಗೆ ಒಣಗುವ ಕ್ಲೇಯಲ್ಲಿ ಇದೇ ಗೊಂಬೆ ಮಾಡಬಹುದು. ಆದರೆ ಅದು ಒಣಗುವಾಗ ಕುಗ್ಗಿ ಒಳಗಿನ ತಿರುಳಿನ ಮೇಲೆ ಸೀಳುತ್ತದೆ, 3 ಮಿ.ಮೀ. ಪದರ ಕಟ್ಟಿ, ಪೂರ್ತಿ ಒಣಗಿಸಿ, ಮತ್ತೊಂದು ಪದರ ಹಾಕುತ್ತ ಹೋಗಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಣಗುವ ಮೊದಲೇ ಬೂಸ್ಟು ಬರುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸೆಣಬು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಮಾಡುವ ಕಿಟ್ಟದ ಹಿಂದೆಯೂ ಇದೇ ತಿಳಿವಳಿಕೆ ಇದೆ: ನಾರು ಬೆರೆಸಿದ ಮುದ್ದೆ ಒಣಗುವಾಗ ಸೀಳುವುದು ಕಡಿಮೆ.

ಹದ ಮತ್ತು ಬಣ್ಣ

ಅಜ್ಜಿಯ ಮೈಬಣ್ಣಕ್ಕೆ ಬೀಜ್ (ತಿಳಿಕಂದು) ಕ್ಲೇ 5 ಪಾಲು, ಕಡುಕಂದು 1 ಪಾಲು, ಟ್ರಾನ್ಸ್‌ಲೂಸೆಂಟ್ (ಅರೆಪಾರದರ್ಶಕ) 2 ಪಾಲು, ಸಾಸಿವೆ ಕಾಳಿನಷ್ಟು ಹಳದಿ. ಇಲ್ಲಿಂದ ಶುರು ಮಾಡಿ ನಿಮ್ಮ ಕಣ್ಣಿಗೆ ಒಪ್ಪುವವರೆಗೆ ಕಂದು ಸೇರಿಸಿ. ಟ್ರಾನ್ಸ್‌ಲೂಸೆಂಟ್ ಬಿಟ್ಟರೆ ಚರ್ಮ ಗೋಡೆಗೆ ಹೊಡೆದ ಬಣ್ಣದಂತೆ ಸತ್ತು ಕಾಣುತ್ತದೆ. ಬೆಂದ ಮೇಲೆ ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಆದ್ದರಿಂದ ಸಣ್ಣ ಬಿಲ್ಲೆ ಬೇಯಿಸಿ ನೋಡದೆ ಇಡೀ ಮುದ್ದೆ ಬೆರೆಸಬೇಡಿ. ಇಡೀ ಗೊಂಬೆಗೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಡಿ. ತಲೆಗೊಂದು, ಕೈಗೊಂದು ಸಲ ಬೆರೆಸಿದರೆ ಎರಡೂ ಎಂದಿಗೂ ಹೊಂದುವುದಿಲ್ಲ.

ಹತ್ತು ಹದಿನೈದು ನಿಮಿಷ ಚೆನ್ನಾಗಿ ನಾದಿ. ಮಡಚಿದ ಜಾಗದಲ್ಲಿ ಬಿರಿಯದಿದ್ದರೆ ಹದ ಬಂದಿದೆ. ನಾದುವಾಗ ಮುದ್ದೆಯನ್ನು ಸುತ್ತಿ ಸುತ್ತಿ ಮಡಚಿದರೆ ಗಾಳಿ ಸೇರುತ್ತದೆ. ಒತ್ತಿ ಹರಡಿ, ಒಂದು ಮಡಿಕೆ ಹಾಕಿ, ಮಡಿಕೆಯ ಕಡೆಯಿಂದ ಹೊರಕ್ಕೆ ಒತ್ತಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕ್ಲೇ ಬೆರಳಿಗೆ ಅಂಟುವಷ್ಟು ಮೆತ್ತಗಾದರೆ ಎರಡು ಬಿಳಿ ಹಾಳೆಗಳ ನಡುವೆ ಹರಡಿ ಒಂದೆರಡು ಗಂಟೆ ಬಿಡಿ. ಹೆಚ್ಚಿನ ಮೆದುಕಾರಕವನ್ನು ಕಾಗದ ಹೀರುತ್ತದೆ. ಬಣ್ಣದ ಬಟ್ಟೆ ತೊಟ್ಟು ಕೂರಬೇಡಿ, ಅದರ ನೂಲೆಳೆ ಮುಖಕ್ಕೆ ಹತ್ತಿದರೆ ತೆಗೆಯುವುದು ಕಷ್ಟ.

ತಲೆ

ಕಣ್ಣಿನಿಂದ ಶುರು. ಬಿಳಿ ಕ್ಲೇಗೆ ತುಸು ಬೀಜ್ ಸೇರಿಸಿ 5ರಿಂದ 6 ಮಿ.ಮೀ. ವ್ಯಾಸದ ನಾಲ್ಕು ಗುಂಡು ಮಾಡಿ, ಬೇಯಿಸಿ, ಸಮವಾಗಿರುವ ಎರಡನ್ನು ಆರಿಸಿಕೊಳ್ಳಿ. ಪ್ಲಾಸ್ಟಿಕ್ ಮುತ್ತು ಬಳಸಬೇಡಿ, ಓವನ್‌ನಲ್ಲಿ ಕುಸಿದುಬಿಡುತ್ತದೆ. ಕಂದು ಪಾಪೆಯನ್ನು ಅಕ್ರಿಲಿಕ್‌ನಲ್ಲಿ ಬರೆದು ಪೂರ್ತಿ ಒಣಗಿಸಿ.

10 ಸೆಂ.ಮೀ. ಜಿಐ ತಂತಿಯ ತುದಿಗೆ ಕುಣಿಕೆ ಹಾಕಿ, ಅದರ ಸುತ್ತ ಫಾಯಿಲ್ ಸುತ್ತುತ್ತ ಮೊಟ್ಟೆಯಾಕಾರದ ತಿರುಳು ಕಟ್ಟಿ: ಎತ್ತರ 3 ಸೆಂ.ಮೀ., ಅಗಲ 2, ಹಿಂದುಮುಂದು 2.4. ಸುತ್ತಿಯಾದ ಮೇಲೆ ನೆಲದ ಮೇಲೆ ಉರುಳಿಸುತ್ತ ಚಮಚದ ಬೆನ್ನಿನಿಂದ ಬಡಿಯಿರಿ. ಉಗುರಿನಿಂದ ಒತ್ತಿದರೆ ತಗ್ಗು ಬೀಳಬಾರದು. ಸಡಿಲ ಫಾಯಿಲ್‌ನ ಸಂದಿಯಲ್ಲಿ ಉಳಿದ ಗಾಳಿ ಓವನ್‌ನಲ್ಲಿ ಹಿಗ್ಗಿ ಹಣೆ ಅಥವಾ ಕೆನ್ನೆಯನ್ನು ಸೀಳುತ್ತದೆ. ತಿರುಳಿಗೆ ತೆಳ್ಳಗೆ ಫೆವಿಕಾಲ್ ಬಳಿದು ರಾತ್ರಿಯಿಡೀ ಒಣಗಲು ಬಿಡಿ; ಹಸಿ ಉಳಿದರೆ ಆ ತೇವ ಆವಿಯಾಗಿ ಗುಳ್ಳೆ ಏಳುತ್ತದೆ. ಮೇಲೆ 6 ಮಿ.ಮೀ. ಕ್ಲೇ ಹಾಳೆ ಹೊದಿಸಿ, ನಡುವಿನಿಂದ ಅಂಚಿಗೆ ಒತ್ತುತ್ತ ಗಾಳಿ ಹೊರಡಿಸಿ. ಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ ಒತ್ತಿ. ಪದರ ಎಲ್ಲೆಡೆ ಸಮನಾಗಿರಲಿ. ಗದ್ದದಲ್ಲಿ 12 ಮಿ.ಮೀ., ನೆತ್ತಿಯಲ್ಲಿ 3 ಮಿ.ಮೀ. ಇದ್ದರೆ ಬಿಸಿ ಒಂದೊಂದು ಕಡೆ ಒಂದೊಂದು ಹೊತ್ತಿಗೆ ಇಳಿದು ಬಿರುಕು ಖಂಡಿತ.

ಈಗ ಗೆರೆಗಳು. ಕಣ್ಣಿನ ಗೆರೆ ತಲೆಯ ಸರಿಯರ್ಧಕ್ಕೆ. ಹೊಸಬರು ಅದನ್ನು ಮೇಲಕ್ಕೆ ಹಾಕುತ್ತಾರೆ, ಹಣೆ ಮಾಯವಾಗುತ್ತದೆ. ಕಣ್ಣಿಗೂ ಗದ್ದಕ್ಕೂ ನಡುವೆ ಮೂಗಿನ ಬುಡ, ಮೂಗಿನಿಂದ ಗದ್ದಕ್ಕೆ ಇರುವ ದೂರದ ಮೂರನೇ ಒಂದು ಪಾಲಿನಲ್ಲಿ ಬಾಯಿ. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ. ವಯಸ್ಸಾದ ಮುಖಕ್ಕೆ ಈ ಲೆಕ್ಕ ತುಸು ಬದಲಾಗುತ್ತದೆ: ಮೂಗಿನ ತುದಿ ಇಳಿಯುತ್ತದೆ, ಕಿವಿ ಉದ್ದವಾಗುತ್ತದೆ, ಹಲ್ಲು ಹೋಗಿದ್ದರೆ ತುಟಿ ಒಳಕ್ಕೆ ಮಡಚಿ ಮೂಗು ಗದ್ದಗಳ ನಡುವಿನ ದೂರ ಕಡಿಮೆಯಾಗುತ್ತದೆ.

ಕಣ್ಣುಗುಳಿ ಒತ್ತಿ ಗುಂಡುಗಳನ್ನು ಕೂರಿಸಿ. ಅಜ್ಜಿಯ ನೋಟ ರೊಟ್ಟಿಯ ಮೇಲಿರುವುದರಿಂದ ಪಾಪೆ ಕೆಳಮುಖವಾಗಿ ತಿರುಗಲಿ, ಮೇಲಿನ ರೆಪ್ಪೆ ಗುಂಡಿನ ಅರ್ಧಕ್ಕೂ ಮಿಕ್ಕಿ ಇಳಿಯಲಿ. ರೆಪ್ಪೆಗೆ 1 ಮಿ.ಮೀ. ದಪ್ಪದ ಸಣ್ಣ ಅರ್ಧಚಂದ್ರದ ಹಾಳೆ ಇಟ್ಟು ಹೊರ ಅಂಚನ್ನು ಮಾತ್ರ ಬೆಸೆಯಿರಿ. ಹುಬ್ಬುಮೂಳೆ, ಕೆನ್ನೆಮೂಳೆ, ಮೂಗು, ಗದ್ದಕ್ಕೆ ಉಂಡೆ ಕಟ್ಟಿ ಸೇರಿಸಿ. ಆಮೇಲೆ ಕಣ್ಣಿನ ಕೆಳಗಿನ ಚೀಲ, ಮೂಗಿನ ಪಕ್ಕದಿಂದ ಕಟವಾಯಿಗೆ ಇಳಿಯುವ ಮಡಿಕೆ, ದವಡೆಯ ಕೆಳಗೆ ಜೋಲುವ ಚರ್ಮ ಇವನ್ನೆಲ್ಲ ಕ್ಲೇ ಸೇರಿಸಿಯೇ ಎಬ್ಬಿಸಬೇಕು. ಇಷ್ಟಾಗದೆ ಸುಕ್ಕಿಗೆ ಕೈಹಾಕಬೇಡಿ. ಉಬ್ಬು ತಗ್ಗಿಲ್ಲದ ನುಣುಪು ಕೆನ್ನೆಯ ಮೇಲೆ ಗೀರಿದ ಸುಕ್ಕು ಚಾಕುವಿನ ಗಾಯದಂತೆ ಕಾಣುತ್ತದೆ.

ಸುಕ್ಕು ಎಳೆಯುವಾಗ ಮುಖದ ಮೇಲೆ ತೆಳು ಕ್ಲಿಂಗ್ ಫಿಲ್ಮ್ ಹೊದಿಸಿ, ಅದರ ಮೇಲಿನಿಂದ ಸೂಜಿಯ ಬೆನ್ನಿನಿಂದ ಗೀರಿ. ಗೆರೆಯ ಅಂಚು ತಾನಾಗಿ ದುಂಡಗಾಗುತ್ತದೆ. ಇಷ್ಟು ಚಿಕ್ಕ ಕೆಲಸದಲ್ಲಿ ಇದಕ್ಕಿಂತ ಉಪಕಾರಿ ಉಪಾಯ ಇನ್ನೊಂದಿಲ್ಲ. ಸುಕ್ಕು ಸ್ನಾಯುವಿಗೆ ಅಡ್ಡಲಾಗಿ ಬೀಳುತ್ತದೆ: ಹಣೆಯಲ್ಲಿ ಅಡ್ಡಗೆರೆ, ಹುಬ್ಬುಗಳ ನಡುವೆ ನೆಟ್ಟಗೆರೆ, ಕಣ್ಣಂಚಿನಲ್ಲಿ ಬೀಸಣಿಗೆ, ತುಟಿಯ ಸುತ್ತ ಬಾಯಿಯ ಕಡೆಗೆ ಹರಿಯುವ ಗೆರೆ. ಎಡಬಲ ಒಂದೇ ಥರ ಮಾಡಬೇಡಿ. ಕೊನೆಗೆ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಬ್ರಷ್ಷಿನಿಂದ ಬೆರಳಗುರುತು ಅಳಿಸಿ. ಹಸಿ ಕ್ಲೇಗೇ ಕೆಂಪು ಮತ್ತು ಕಂದು ಪೇಸ್ಟಲ್ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಮೂಗಿನ ತುದಿ, ಕಿವಿ, ಕಣ್ಣಂಚಿಗೆ ಸವರಿದರೆ ಬೇಯುವಾಗ ಅಲ್ಲೇ ಹಿಡಿಯುತ್ತದೆ.

ಕುತ್ತಿಗೆ ಮತ್ತು ಭುಜದ ಪಟ್ಟಿಯನ್ನು ತಲೆಯ ಮೊದಲ ಬೇಯಿಕೆಯ ನಂತರ ಸೇರಿಸಿ. ಬೆಂದ ಕ್ಲೇಗೆ ಹಸಿ ಕ್ಲೇ ತಾನಾಗಿ ಹಿಡಿಯುವುದಿಲ್ಲ, ಸೇರುವಲ್ಲಿ ಮರಳುಕಾಗದದಿಂದ ಗೀರಿ ಲಿಕ್ವಿಡ್ ಕ್ಲೇ ಬಳಿಯಬೇಕು. ಪಟ್ಟಿಯ ನಾಲ್ಕು ಮೂಲೆಗೆ ಈಗಲೇ 2 ಮಿ.ಮೀ. ತೂತು ಹಾಕಿಡಿ, ಮೈಗೆ ಹೊಲಿಯಲು ಬೇಕು.

ಕೈಗಳು

ಈ ಗೊಂಬೆಯ ಜೀವ ಇರುವುದು ಇಲ್ಲಿ. ಹಸ್ತದ ಉದ್ದ 3.2 ಸೆಂ.ಮೀ.ಯಲ್ಲಿ ಅರ್ಧ ಅಂಗೈ, ಅರ್ಧ ನಡುಬೆರಳು. 28 ಗೇಜಿನ ತಂತಿಯಲ್ಲಿ ಐದು ಎಳೆ ಕತ್ತರಿಸಿ, ಅಂಗೈ ಭಾಗದಲ್ಲಿ ಹೊಸೆದು, ಮುಂಗೈಯ ಜಿಐ ತಂತಿಗೆ ಬಿಗಿಯಿರಿ. ಎಳೆಗಳಿಗೆ ಫೆವಿಕಾಲ್ ಬಳಿದು ಒಣಗಿಸಿ. ನುಣುಪು ತಂತಿಯ ಮೇಲೆ ಕ್ಲೇ ಕಾಲುಚೀಲದಂತೆ ಜಾರುತ್ತದೆ. ಒಂದೊಂದು ಬೆರಳಿಗೂ 3 ಮಿ.ಮೀ. ದಪ್ಪದ ಸುರುಳಿ ಏರಿಸಿ, ತಂತಿ ನಡುವಿನಲ್ಲೇ ಇರುವಂತೆ ನೋಡಿಕೊಳ್ಳಿ. ತಂತಿ ಒಂದು ಬದಿಗೆ ಸರಿದರೆ ಬೆಂದಮೇಲೆ ಅಲ್ಲೇ ಸೀಳು.

ಬಲಗೈ ರೊಟ್ಟಿಯ ಮೇಲೆ ಚಪ್ಪಟೆಯಾಗಿ, ಬೆರಳುಗಳು ಕೂಡಿ, ಹೆಬ್ಬೆರಳು ಮಾತ್ರ ಬಿಡಿಯಾಗಿ. ಬೀಳುವ ಕೈಯಲ್ಲಿ ಬೆರಳ ತುದಿ ತುಸು ಮೇಲಕ್ಕೆದ್ದಿರುತ್ತದೆ, ಬಡಿತ ಅಂಗೈಯದ್ದು. ಎಡಗೈ ಅಂಚಿನಲ್ಲಿ ರೊಟ್ಟಿಯನ್ನು ತಿರುಗಿಸುವ ಭಂಗಿಯಲ್ಲಿ ಬಾಗಿದೆ. ಬೇಯಿಸುವ ಮೊದಲು ಎರಡನ್ನೂ ನಿಮ್ಮ ಕಡ್ಡಿಚಿತ್ರದ ಮೇಲಿಟ್ಟು ಮಣಿಕಟ್ಟಿನ ಕೋನ ಹೊಂದಿಸಿ. ಬೆಂದ ಮಣಿಕಟ್ಟನ್ನು ಬಗ್ಗಿಸಲಾಗದು. ಮುದುಕಿಯ ಕೈಗೆ ಗೆಣ್ಣು ದಪ್ಪ, ಗೆಣ್ಣುಗಳ ನಡುವೆ ಬೆರಳು ತೆಳು. ಕೂದಲಿನಷ್ಟು ಸಣ್ಣ ಕ್ಲೇ ಎಳೆ ಇಟ್ಟು ಬದಿ ಒತ್ತಿದರೆ ನರ. ಉಗುರನ್ನು ಮೊಟಕಾಗಿ, ಅಗಲವಾಗಿ ಒತ್ತಿ. ಮೊಣಕೈಗಿಂತ 1 ಸೆಂ.ಮೀ. ಮೇಲಿನವರೆಗೂ ಕ್ಲೇ ಇರಲಿ, ತುದಿಯಲ್ಲಿ ಸುತ್ತಲೂ 3 ಮಿ.ಮೀ. ತೋಡು ಕೊರೆಯಿರಿ, ಬಟ್ಟೆಯ ತೋಳನ್ನು ಅಲ್ಲಿ ದಾರದಿಂದ ಬಿಗಿಯುವುದು.

ಪಾದಗಳಿಗೆ ಇಷ್ಟು ಕೆಲಸವಿಲ್ಲ. ಸೀರೆಯ ಅಂಚಿನಿಂದ ಬೆರಳು, ಹಿಮ್ಮಡಿ ಮಾತ್ರ ಕಾಣುತ್ತವೆ. ಹಿಮ್ಮಡಿಯ ಬಿರುಕು ಮರೆಯಬೇಡಿ.

ಬೇಯಿಸುವುದು

ಪೊಟ್ಟಣದ ಮೇಲೆ ಬರೆದ ಉಷ್ಣತೆಯೇ ಪ್ರಮಾಣ. ಹಲವು ಬಗೆಗಳಿಗೆ 130 ಡಿಗ್ರಿ ಸೆಲ್ಸಿಯಸ್, ಕೆಲವಕ್ಕೆ 110. ಓವನ್ ಅನ್ನು ಮೊದಲೇ 15 ನಿಮಿಷ ಕಾಯಿಸಿ, ಥರ್ಮಾಮೀಟರ್ ಗೊಂಬೆಯ ಎತ್ತರದಲ್ಲೇ ಇರಲಿ. ಓಟಿಜಿಯ ಸರಳು ಕೆಂಪಾದಾಗ ಹತ್ತಿರದ ಮೂಗು, ಬೆರಳು ಸುಡುತ್ತವೆ, ಅದಕ್ಕಾಗಿ ಮೇಲೆ ಫಾಯಿಲ್ ಗುಡಾರ ಹೊದಿಸಿ. ಟೈಲ್ಸ್ ತುಂಡಿನ ಮೇಲೆ ಮಡಚಿದ ಹತ್ತಿ ಬಟ್ಟೆ ಹಾಸಿ ತಲೆಯನ್ನು ಅಂಗಾತ ಮಲಗಿಸಿ, ಬಟ್ಟೆ ಸರಳಿಗೆ ತಾಕದಿರಲಿ. 6 ಮಿ.ಮೀ. ದಪ್ಪಕ್ಕೆ 30 ನಿಮಿಷದ ಲೆಕ್ಕ ಇಟ್ಟುಕೊಳ್ಳಿ. ತಲೆಯ ಮೊದಲ ಬೇಯಿಕೆ 20 ನಿಮಿಷ, ಕುತ್ತಿಗೆ ಸೇರಿಸಿದ ಮೇಲೆ ಕೊನೆಯದು 45 ನಿಮಿಷ. ಎಷ್ಟು ಸಲ ಬೇಯಿಸಿದರೂ ತೊಂದರೆಯಿಲ್ಲ, ಉಷ್ಣತೆ ಮೀರಬಾರದು ಅಷ್ಟೇ. 175 ದಾಟಿದರೆ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಕಣ್ಣು ಉರಿಯುವ ವಾಸನೆ ಬಂದರೆ ಓವನ್ ಆರಿಸಿ, ಕಿಟಕಿ ತೆರೆದು, ಕೋಣೆಯಿಂದ ಹೊರಡಿ. ಮುಗಿದಮೇಲೆ ಬಾಗಿಲು ತೆರೆಯದೆ ಒಳಗೇ ಆರಲು ಬಿಡಿ. ಬಿಸಿ ಗೊಂಬೆಗೆ ಫ್ಯಾನ್ ಗಾಳಿ ತಗುಲಿದರೆ ಬಿರಿಯುತ್ತದೆ.

ಪ್ರತಿ ಸಲವೂ ಜೊತೆಗೆ 3 ಮಿ.ಮೀ. ದಪ್ಪದ ಪಟ್ಟಿಯೊಂದನ್ನು ಬೇಯಿಸಿ. ತಣಿದ ಮೇಲೆ ಅದು ಬಗ್ಗಬೇಕು. ಪಟ್ಟನೆ ಮುರಿದರೆ ಬೆಂದಿಲ್ಲ ಎಂದರ್ಥ. ಗಟ್ಟಿ ಕಾಣುವ ಮುಖವೂ ಒಳಗೆ ಹಸಿಯಾಗಿದೆ, ಮತ್ತೆ ಬೇಯಿಸಿ. ಮೇಲ್ಮೈಯಲ್ಲಿ ಬೆಳ್ಳಗಿನ ಚುಕ್ಕೆ ಎದ್ದರೆ ಕೈಯ ತೇವ ಅಥವಾ ಗಾಳಿ ಸೇರಿದೆ. ಸಣ್ಣ ಬಿರುಕಿಗೆ ಅದೇ ಬಣ್ಣದ ಕ್ಲೇಯನ್ನು ಲಿಕ್ವಿಡ್ ಕ್ಲೇಯಲ್ಲಿ ಅರೆದು ತುಂಬಿ ಮತ್ತೆ 20 ನಿಮಿಷ ಬೇಯಿಸಿದರೆ ಗುರುತು ಸಿಗದು.

ಬಣ್ಣಕ್ಕೆ ಮೊದಲು ನೀರಿನಲ್ಲಿ ಅದ್ದುತ್ತ 400, 600, 1000ರ ಕಾಗದದಿಂದ ಸುಕ್ಕಿಲ್ಲದ ಕಡೆ ಉಜ್ಜಿ. ಒಣಗಿಸಿ ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತದೆ. ಕಡುಕಂದು ಅಕ್ರಿಲಿಕ್‌ಗೆ ನಾಲ್ಕರಷ್ಟು ನೀರು ಬೆರೆಸಿ ಇಡೀ ಮುಖಕ್ಕೆ ಬಳಿದು, ಅರ್ಧ ನಿಮಿಷದೊಳಗೆ ಒದ್ದೆ ಬಟ್ಟೆಯಿಂದ ಒರೆಸಿ. ಬಣ್ಣ ಸುಕ್ಕಿನಲ್ಲಿ ಮಾತ್ರ ಉಳಿಯುತ್ತದೆ. ಕಣ್ಣಿಗಷ್ಟೇ ಹೊಳಪಿನ ವಾರ್ನಿಷ್, ಉಳಿದೆಡೆ ನೀರಿನ ಮ್ಯಾಟ್ ವಾರ್ನಿಷ್. ನೈಲ್ ಪಾಲಿಷ್ ಮತ್ತು ಸ್ಪ್ರೇ ವಾರ್ನಿಷ್ ಮುಟ್ಟಬೇಡಿ, ಅವುಗಳ ದ್ರಾವಕ ಕ್ಲೇಯನ್ನು ಕರಗಿಸಿ, ತಿಂಗಳುಗಳ ನಂತರವೂ ಅಂಟು ಬಿಡುತ್ತದೆ.

ಮೈ

ಕಡ್ಡಿಚಿತ್ರದ ಮೇಲೇ ಜಿಐ ತಂತಿ ಬಗ್ಗಿಸಿ: ಬೆನ್ನಿಗೆ ಎರಡೆಳೆ, ಅದರ ಕೆಳತುದಿಯಿಂದ ಎರಡು ಕಾಲು, ಭುಜಕ್ಕೆ ಅಡ್ಡ ತಂತಿ. ಸೇರುವ ಕಡೆಗಳಲ್ಲಿ ಬೈಂಡಿಂಗ್ ವೈರ್ ಸುತ್ತಿ ಮೇಲೆ ಎಂ-ಸೀಲ್ ಮೆತ್ತಿ. ಬರೀ ಹೊಸೆದ ತಂತಿ ಕಾಲಕ್ರಮೇಣ ತಿರುಗಿ ತಲೆ ಪಕ್ಕಕ್ಕೆ ನೋಡುತ್ತದೆ. ಬೆರಳಗಲದ ಹತ್ತಿಪಟ್ಟಿಗಳನ್ನು ಬಿಗಿಯಾಗಿ ಸುತ್ತಿ ದಾರದಿಂದ ಹಿಡಿಸಿ. ಹೊಟ್ಟೆ, ಬೆನ್ನ ಗೂನು, ಜೋತ ಎದೆ ಎಲ್ಲ ಈ ಹತ್ತಿಯಲ್ಲೇ ಬರಬೇಕು. ಮೇಲೆ ಹಿಗ್ಗುವ ಬನಿಯನ್ ಬಟ್ಟೆ ಹೊಲಿದು, ಭುಜದ ಪಟ್ಟಿ, ಕೈ, ಪಾದ ಜೋಡಿಸಿ. 10 ಸೆಂ.ಮೀ. ಅಗಲದ ಮರದ ಮಣೆಗೆ ಕೆಳಗಿನಿಂದ ತಂತಿ ತೂರಿಸಿ ಬಿಗಿದರೆ ಅಜ್ಜಿ ಎಷ್ಟು ಮುಂದೆ ಬಾಗಿದರೂ ಮಗುಚುವುದಿಲ್ಲ.

ಸೀರೆ, ಕುಪ್ಪಸ, ಕೂದಲು

5.5 ಮೀಟರ್ ಸೀರೆ ಈ ಅಳತೆಯಲ್ಲಿ ಸುಮಾರು 1 ಮೀಟರ್ ಉದ್ದ, 21 ಸೆಂ.ಮೀ. ಅಗಲ. ನಿಜವಾದ ಇಳಕಲ್ ಸೀರೆ ಕತ್ತರಿಸಿದರೆ ಅಂಚು ಗೊಂಬೆಯ ಅರ್ಧ ಮೈ ನುಂಗುತ್ತದೆ. ಅತಿ ತೆಳು ಮಲ್ ಬಟ್ಟೆಗೆ 2 ಸೆಂ.ಮೀ. ಕೆಂಪು ರಿಬ್ಬನ್ ಅಂಚು ಹೊಲಿದು, ಕೆಂಪು ಸೆರಗಿನ ಮೇಲೆ ಒಂಟಿ ಎಳೆಯ ಬಿಳಿ ದಾರದಲ್ಲಿ ಇಳಕಲ್ ಸೆರಗಿನ ವಿನ್ಯಾಸವಾದ ತೋಪು ತೆನಿ ಎತ್ತಿ. ಬಟ್ಟೆಯ ಗಂಜಿ ಮೊದಲೇ ತೊಳೆದು ತೆಗೆಯಿರಿ. ಗೊಂಬೆ ಚಿಕ್ಕದಾದರೂ ಬಟ್ಟೆಯ ಬಿರುಸು ಚಿಕ್ಕದಾಗುವುದಿಲ್ಲ, ನೆರಿಗೆ ತಾನಾಗಿ ಬೀಳದು. ಉಡಿಸಿ, ಫೆವಿಕಾಲ್ ಒಂದಕ್ಕೆ ನಾಲ್ಕು ನೀರು ಬೆರೆಸಿ ಸಿಂಪಡಿಸಿ, ನೆರಿಗೆಗಳನ್ನು ಪಿನ್ನಿನಿಂದ ಹಿಡಿದು ಒಂದು ದಿನ ಒಣಗಿಸಿ. ಕುಪ್ಪಸಕ್ಕೆ ಗುಳೇದಗುಡ್ಡದ ಖಣಕ್ಕಿಂತ ಒಪ್ಪುವ ಬಟ್ಟೆ ಇಲ್ಲ, ಅದರ ಬುಟ್ಟಾ ಹುಟ್ಟಾ ಚಿಕ್ಕದು. ಆದರೆ ಕತ್ತರಿಸಿದೊಡನೆ ಎಳೆ ಬಿಚ್ಚುತ್ತದೆ; ಗುರುತು ಹಾಕಿದ ಗೆರೆಗೆ ತೆಳು ಫೆವಿಕಾಲ್ ಎಳೆದು ಒಣಗಿದ ಮೇಲೆ ಕತ್ತರಿ ಹಾಕಿ.

ಬಳೆ ಹಸ್ತದ ಮೇಲಿನಿಂದ ಇಳಿಯುವುದಿಲ್ಲ, ಮೊಣಕೈ ಕಡೆಯಿಂದಲೂ ಏರುವುದಿಲ್ಲ. 12 ಮಿ.ಮೀ. ಕಡ್ಡಿಗೆ ತಾಮ್ರದ ತಂತಿ ಸುತ್ತಿ ಉಂಗುರಗಳಾಗಿ ಕತ್ತರಿಸಿ, ಹಸಿರು ಬಣ್ಣ ಕೊಟ್ಟು, ಬಾಯಿ ಬಿಡಿಸಿ ತೊಡಿಸಿ. ಬಾಯಿ ಕೆಳಗಡೆ ಬರಲಿ.

ಕೂದಲಿಗೆ ಅಂಗಡಿಯ ಚವರಿ ದಪ್ಪವಾಯಿತು, ಹೊಳಪೂ ಜಾಸ್ತಿ. ಚಳ್ಳಕೆರೆ ಕಡೆ ಕಂಬಳಿ ನೇಯುವವರ ಹತ್ತಿರ ಸಿಗುವ, ಇನ್ನೂ ನೂಲದ ಬೂದು ಕುರಿ ಉಣ್ಣೆ ಈ ವಯಸ್ಸಿಗೆ ಹೇಳಿ ಮಾಡಿಸಿದ್ದು. ಸಾಬೂನು ನೀರಿನಲ್ಲಿ ಜಿಡ್ಡು ತೊಳೆದು, ಬಾಚಿ, ಸಣ್ಣ ಎಳೆಗಳನ್ನು ಕುತ್ತಿಗೆಯಿಂದ ಶುರುಮಾಡಿ ಹಣೆಯ ಕಡೆಗೆ ಸಾಲುಸಾಲಾಗಿ ಅಂಟಿಸಿ. ಹಣೆಯ ಸಾಲು ವಿರಳವಾಗಿರಲಿ, ಬೈತಲೆಯಲ್ಲಿ ನೆತ್ತಿ ಕಾಣಲಿ. ಹಿಂದೆ ಚಿಕ್ಕ ತುರುಬು ಸಾಕು.

ರೊಟ್ಟಿ, ಪರಾತ, ಹಿಟ್ಟು

ರೊಟ್ಟಿಗೆ 4.7 ಸೆಂ.ಮೀ. ವ್ಯಾಸ, 1 ಮಿ.ಮೀ. ದಪ್ಪ. ಬಿಳಿ, ಬೀಜ್, ಟ್ರಾನ್ಸ್‌ಲೂಸೆಂಟ್ ಸಮಪಾಲು. ಅಂಚನ್ನು ಹರಿದಂತೆ ಅಂಕುಡೊಂಕು ಬಿಡಿ. ಹಸಿಯಿದ್ದಾಗಲೇ ಬೆಂದ ಬಲಗೈಯನ್ನು ಅದರ ಮೇಲೆ ಒತ್ತಿ ತೆಗೆದರೆ ಅಂಗೈಯ ತಗ್ಗು ಮೂಡುತ್ತದೆ, ಜೋಡಿಸುವಾಗ ಕೈ ಅಲ್ಲೇ ಸರಿಯಾಗಿ ಕೂರುತ್ತದೆ. ಈ ಒಂದು ಒತ್ತು ಇಲ್ಲದಿದ್ದರೆ ಕೈ ಗಾಳಿಯಲ್ಲಿ ತೇಲಿದ ಹಾಗಿರುತ್ತದೆ. ಪಕ್ಕದಲ್ಲಿ ಬೆಂದ ರೊಟ್ಟಿಗಳ ಗುಡ್ಡೆ ಇಡುವುದಾದರೆ ಕಂದು ಪೇಸ್ಟಲ್ಲಿನಿಂದ ಹಂಚಿನ ಚುಕ್ಕೆ ಕೊಡಿ. ಪರಾತಕ್ಕೆ ದಪ್ಪ ಅಲ್ಯುಮಿನಿಯಂ ಹಾಳೆಯನ್ನು ಬಟ್ಟಲ ತಳಕ್ಕೆ ಒತ್ತಿ ಅಂಚು ಎತ್ತಿದರಾಯಿತು.

ನಿಜವಾದ ಜೋಳದ ಹಿಟ್ಟು ಉದುರಿಸಬೇಡಿ. ಎರಡು ತಿಂಗಳಲ್ಲಿ ಹುಳ ಬೀಳುತ್ತದೆ, ಇರುವೆ ಸೀರೆಯವರೆಗೂ ಬರುತ್ತದೆ. ಟಾಲ್ಕಂ ಪೌಡರನ್ನು ಮ್ಯಾಟ್ ವಾರ್ನಿಷ್‌ನಲ್ಲಿ ಕಲಸಿ ಪರಾತದ ತಳ, ಬೆರಳ ಸಂದಿ, ಮುಂಗೈಗೆ ಚುಕ್ಕೆಚುಕ್ಕೆಯಾಗಿ ಹಚ್ಚಿ.

ಹಬ್ಬ ಮುಗಿದ ಮೇಲೆ ಟ್ರಂಕಿಗೆ ಇಡುವಾಗ ಮೊದಲು ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ, ಗುಳ್ಳೆಪ್ಲಾಸ್ಟಿಕ್, ಥರ್ಮೊಕೋಲ್ ನೇರವಾಗಿ ಮುಖಕ್ಕೆ ತಾಗಿದರೆ ಕ್ಲೇಯ ಮೆದುಕಾರಕದ ಜೊತೆ ಸೇರಿ ಅಂಟಿಕೊಳ್ಳುತ್ತವೆ. ಉಣ್ಣೆಗೆ ನುಸಿ ಬೀಳದಂತೆ ಒಣ ಬೇವಿನೆಲೆಯ ಪುಟ್ಟ ಗಂಟನ್ನು ಪಕ್ಕದಲ್ಲಿಟ್ಟು ಆರು ತಿಂಗಳಿಗೊಮ್ಮೆ ಬದಲಿಸಿ. ಬೆರಳುಗಳಿಗೆ ಭಾರ ಬೀಳದಂತೆ ಗೊಂಬೆಯನ್ನು ಮಣೆಯ ಸಮೇತ ಕೂತ ಹಾಗೆಯೇ ಇಡಿ.